ಇಪ್ಪತ್ತೆರಡು ಹೆಜ್ಜೆ ದೂರದ ಸರ್ವರ್

ಶಿಡ್ಲಘಟ್ಟದಿಂದ ಚಿಂತಾಮಣಿ ರಸ್ತೆಯಲ್ಲಿ ಆರು ಕಿಲೋಮೀಟರ್ ಹೋದರೆ ಎಡಕ್ಕೆ ಒಂದು ಹಿಪ್ಪುನೇರಳೆ ತೋಟ. ಅದರ ಹಿಂದೆ ಚಲಪತಿಯವರ ಚಾಕಿ ಸೆಂಟರ್. ರೇಷ್ಮೆ ಮೊಟ್ಟೆ ತಂದು, ಮರಿ ಮಾಡಿಸಿ, ಎಂಟು ಹತ್ತು ದಿನ ಸಾಕಿ ರೈತರಿಗೆ ಕೊಡುವ ಜಾಗ. ಅಂಗಳದ ಈಚೆ ಬದಿಗೆ ಆಫೀಸು ಎಂದು ಕರೆಸಿಕೊಳ್ಳುವ ಕೋಣೆ: ಹತ್ತಡಿ ಉದ್ದ, ಎಂಟಡಿ ಅಗಲ, ಶೀಟಿನ ಮಾಡು. ಆಚೆ ಬದಿಗೆ ಮೊಟ್ಟೆ ಮನೆ. ನಡುವೆ ಇಪ್ಪತ್ತೆರಡು ಹೆಜ್ಜೆ.

ಈ ಅಳತೆ ಗೌತಮಿಯದು. ಒಂಬತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ವಾರ, ಕೇಬಲ್ ಎಷ್ಟು ಉದ್ದ ಬೇಕೆಂದು ಲೆಕ್ಕ ಹಾಕಲು ಆಫೀಸಿನ ಹೊಸ್ತಿಲಿನಿಂದ ಎಣಿಸುತ್ತ ನಡೆದಿದ್ದಳು. ಇಪ್ಪತ್ತೊಂದನೆಯ ಹೆಜ್ಜೆಗೆ ಚಲಪತಿಯವರ ತಾಯಿ ಮಂಗಮ್ಮ ಮೊಟ್ಟೆ ಮನೆಯ ಬಾಗಿಲಲ್ಲಿ ನಿಂತಿದ್ದರು.

"ಅಲ್ಲಿಗೇ ಸಾಕಮ್ಮಾ. ಒಳಗಿಂದು ನಮ್ ಕೆಂಪರಾಜು ಅಳೀತಾನೆ."

ಕೆಂಪರಾಜು ಮಂಗಮ್ಮನ ತಮ್ಮನ ಮಗ, ಮೋಟಾರು ರಿಪೇರಿ ಮಾಡುವವನು. ಆ ದಿನ ಅವನ ಕೈಯಲ್ಲಿ ಗ್ರೀಸು ಇತ್ತು. ಬಾಗಿಲ ಬಳಿಯ ಬೇಸನ್ನಿನಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿತ್ತು. ಅದರಲ್ಲಿ ಕಾಲದ್ದಿ, ಕೈ ತೊಳೆದು, ಒಳಗೆ ಹೋಗಿ ಅಳೆದುಕೊಂಡು ಬಂದ. ಗೌತಮಿ ಇಪ್ಪತ್ತೆರಡನೆಯ ಹೆಜ್ಜೆಯನ್ನು ಅಂದಾಜಿನಲ್ಲಿ ಸೇರಿಸಿಕೊಂಡಳು.

ಹೊರಗಿನವರು ಮೊಟ್ಟೆ ಮನೆಗೆ ಬರಬಾರದು ಎಂಬುದು ಸರಿಯಾದ ನಿಯಮವೇ. ಹುಳುವಿನ ರೋಗ ಕಾಲಿನಲ್ಲಿ, ಬಟ್ಟೆಯಲ್ಲಿ ಬರುತ್ತದೆ. ವಿಜ್ಞಾನ ಓದಿದವಳಾದ್ದರಿಂದ ಅವಳು ಅದನ್ನು ಒಪ್ಪಿದಳು. ಆದರೆ ಮೊದಲ ವರ್ಷದಲ್ಲೇ ಅವಳಿಗೆ ಇನ್ನೊಂದು ಸಂಗತಿ ಕಂಡಿತು. ಪೇಪರು ಹಾಕುವವನ ತಮ್ಮ ಒಂದು ದಿನ ಕೂಲಿಗೆ ಬಂದಾಗ ಕಾಲು ತೊಳೆದು ಒಳಗೆ ಹೋದ. ಟೈಲ್ಸ್ ಹಾಕುವವರು ಹೋದರು. ಬ್ಯಾಂಕಿನವರು ಹೋದರು, ಫೋಟೋ ತೆಗೆಸಿಕೊಂಡರು. ಕೆಲಸಕ್ಕೆ ಬಂದವರಲ್ಲಿ ಆ ಬೇಸನ್ನಿನಲ್ಲಿ ಕಾಲದ್ದದೇ ಇದ್ದವಳು ಅವಳೊಬ್ಬಳೇ. ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಪ್ರತಿ ಸಲವೂ ಒಂದು ಕಾರಣ ಸಿಗುತ್ತಿತ್ತು, ಪ್ರತಿ ಕಾರಣವೂ ಬಿಡಿಯಾಗಿ ನೋಡಿದರೆ ಸರಿಯಾಗಿಯೇ ಇರುತ್ತಿತ್ತು.

ಅವಳ ತಂದೆ ಮುನಿನಾರಾಯಣಪ್ಪ ಶಿಡ್ಲಘಟ್ಟದ ಒಂದು ಹೈಸ್ಕೂಲಿನಲ್ಲಿ ಅಟೆಂಡರ್ ಆಗಿದ್ದವರು. ಮೂವತ್ತು ವರ್ಷದ ಹಿಂದೆ ಬೌದ್ಧರಾದರು, ಮಗಳಿಗೆ ಗೌತಮಿ ಎಂದು ಹೆಸರಿಟ್ಟರು. ತಾಯಿ ಅನಸೂಯಮ್ಮ ನೂಲು ಬಿಚ್ಚುವ ಘಟಕದಲ್ಲಿ ಬಿಸಿನೀರಿಗೆ ಕೈಯಿಟ್ಟು ಇಪ್ಪತ್ತು ವರ್ಷ ಗೂಡಿನ ಎಳೆ ಹುಡುಕಿದವರು. ಅವರ ಬೆರಳ ತುದಿ ಇಂದಿಗೂ ನೆನೆದ ಕಾಗದದ ಹಾಗಿದೆ. ಗೌತಮಿ ಚಿಕ್ಕಬಳ್ಳಾಪುರದಲ್ಲಿ ಬಿ.ಎಸ್ಸಿ. ಮಾಡಿದಳು, ಎಲೆಕ್ಟ್ರಾನಿಕ್ಸ್ ಇಷ್ಟದ ವಿಷಯ. ಲಿನಕ್ಸನ್ನು ಕಾಲೇಜಿನ ಹಳೆಯ ಕಂಪ್ಯೂಟರಿನಲ್ಲಿ ತಾನೇ ಕಲಿತಳು, ಏಕೆಂದರೆ ಆ ಕಂಪ್ಯೂಟರಿನಲ್ಲಿ ಬೇರೆ ಏನೂ ಓಡುತ್ತಿರಲಿಲ್ಲ.

ಮೊಟ್ಟೆ ಮನೆಯೊಳಗೆ ಏನಿದೆ ಎಂಬುದು ಅವಳಿಗೆ ಅಂಕಿಗಳಲ್ಲಿ ಚೆನ್ನಾಗಿ ಗೊತ್ತು. ಇಪ್ಪತ್ತೈದು ಡಿಗ್ರಿ ಶಾಖ, ನೂರಕ್ಕೆ ಎಂಬತ್ತೆರಡು ತೇವ. ಒಂದು ಬ್ಯಾಚಿಗೆ ಐದು ಸಾವಿರ ಮೊಟ್ಟೆ. ಈ ಕಡೆ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ. ಬಿಡಿಸಿ ಎಣಿಸಿದರೆ ನಾನೂರು ಐನೂರು. ಏಳೆಂಟು ದಿನಕ್ಕೆ ಪ್ರತಿಯೊಂದರ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕಿ ಕಾಣುತ್ತದೆ. ಅಲ್ಲಿಂದ ಎರಡು ದಿನ ಪೂರಾ ಕತ್ತಲಿರಬೇಕು. ಮೂರನೆಯ ಬೆಳಿಗ್ಗೆ ಆರಕ್ಕೆ ಒಮ್ಮೆಲೇ ಬೆಳಕು ಕೊಟ್ಟರೆ ಎಲ್ಲವೂ ಒಟ್ಟಿಗೆ ಒಡೆಯುತ್ತವೆ. ನಡುವೆ ಬೆಳಕು ಬಿದ್ದರೆ ಕೆಲವು ಇವತ್ತು, ಕೆಲವು ನಾಳೆ, ಕೆಲವು ನಾಡಿದ್ದು. ವಯಸ್ಸು ಬೇರೆಯಾದ ಹುಳು ಒಂದೇ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಒಂದು ಪೊರೆ ಬಿಡಲು ಮಲಗುವ ಹೊತ್ತಿಗೆ ಇನ್ನೊಂದು ತಿನ್ನುತ್ತಿರುತ್ತದೆ, ಕೊನೆಗೆ ರೈತನ ಮನೆಯಲ್ಲಿ ಗೂಡು ಕೆಡುತ್ತದೆ.

ಹಿಂದೆ ಮಂಗಮ್ಮ ಕಪ್ಪು ಬಟ್ಟೆ ಹೊದಿಸಿ, ತೇವದ ಗೋಣಿ ಕಟ್ಟಿ ಇದನ್ನೆಲ್ಲ ಕೈಯಲ್ಲೇ ನಡೆಸುತ್ತಿದ್ದರು. ಚಲಪತಿ ಕೋಣೆಗೆ ಥರ್ಮೋಕೋಲ್ ಹೊದಿಸಿ, ಇಡೀ ಕೋಣೆಯನ್ನೇ ಕತ್ತಲಾಗುವಂತೆ ಮಾಡಿ, ಕೂಲರು, ತೇವದ ಯಂತ್ರ, ಎಂಟು ಟ್ಯೂಬ್‌ಲೈಟು ಎಲ್ಲವನ್ನೂ ಒಂದು ಪುಟ್ಟ ಲಿನಕ್ಸ್ ಯಂತ್ರಕ್ಕೆ ಕೊಟ್ಟರು. ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟು ದಪ್ಪ, ಮುಂದೆ ಅಂಗೈ ಅಗಲದ ಪರದೆ. ಅದು ಮೊಟ್ಟೆ ಮನೆಯ ಗೋಡೆಯಲ್ಲಿದೆ. ಅದನ್ನು ನಡೆಸುವ ವಿಂಡೋಸ್ ಕಂಪ್ಯೂಟರು ಆಫೀಸಿನಲ್ಲಿದೆ. ಯಾರೋ ಕೆಲಸದವರು ಅಭ್ಯಾಸಬಲದಿಂದ ಲೈಟು ಹಾಕಿಬಿಟ್ಟಾರೆಂದು ಒಳಗಿನ ಗೋಡೆಯ ಸ್ವಿಚ್ಚುಗಳನ್ನೂ ತೆಗೆಸಿದರು. ಅಂದಿನಿಂದ ಆ ಕೋಣೆಯ ಹಗಲು ರಾತ್ರಿಗಳು ಗೌತಮಿಯ ಕೀಬೋರ್ಡಿನಲ್ಲಿವೆ.

ಮೊದಲು ಆ ಯಂತ್ರಕ್ಕೆ ಬೀಗವೇ ಇರಲಿಲ್ಲ. ಬ್ರೌಸರಿನಲ್ಲಿ ಒಂದು ಪುಟ ತೆರೆದು ಗುಂಡಿ ಒತ್ತಿದರೆ ಲೈಟು. ಅದೇ ವೈಫೈಯನ್ನು ಹುಳ ಒಯ್ಯಲು ಬಂದ ರೈತರೂ ಬಳಸುತ್ತಿದ್ದರು, ಪಾಸ್‌ವರ್ಡು ಗೋಡೆಗೆ ಅಂಟಿಸಿತ್ತು. ಒಂದು ಮಧ್ಯಾಹ್ನ ಯಾರ ಜತೆಗೋ ಬಂದ ಕಾಲೇಜು ಹುಡುಗಿಯೊಬ್ಬಳು ಫೋನಿನಲ್ಲಿ ಆ ಪುಟ ಕಂಡು, ಏನೋ ಆಟವೆಂದು ಒತ್ತಿ ನೋಡಿದಳು. ಆ ಬ್ಯಾಚು ಮೂರು ದಿನ ಒಡೆಯಿತು.

ಗೌತಮಿ ಆ ಪುಟವನ್ನು ಮುಚ್ಚಿದಳು. ಎಸ್‌ಎಸ್‌ಎಚ್ ಎಂಬ ದಾರಿಯೊಂದನ್ನೇ ಉಳಿಸಿದಳು. ಅದರಲ್ಲಿ ಹೋಗುವ ಮಾತು ನಡುವೆ ಯಾರು ಕದ್ದು ಕೇಳಿದರೂ ಅರ್ಥವಾಗುವುದಿಲ್ಲ. ಬೀಗದ ಭಾಗ ಆಚೆಯ ಯಂತ್ರದಲ್ಲಿ, ಕೀಲಿಯ ಭಾಗ ಈಚೆಯ ಕಂಪ್ಯೂಟರಿನಲ್ಲಿ, ಕೀಲಿಗೂ ಒಂದು ಗುಟ್ಟಿನ ವಾಕ್ಯ. ಒಳಗೆ ಸೇರಿದ ಮೇಲೆ ಲೈಟು, ಕೂಲರು ಮುಟ್ಟಬೇಕಾದರೆ ಇನ್ನೊಂದು ಪಾಸ್‌ವರ್ಡು. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಹೆಚ್ಚಿನವರು ಮರೆಯುವ ಅರ್ಧ ಒಂದಿದೆ. ಬರುವವರು ಯಾರೆಂದು ಯಂತ್ರ ಕೇಳುವಂತೆಯೇ, ಮಾತಾಡುತ್ತಿರುವುದು ಅದೇ ಯಂತ್ರ ಹೌದೇ ಎಂದು ಬರುವವರೂ ಕೇಳಬೇಕು. ಪ್ರತಿ ಸರ್ವರಿಗೂ ಅದರದೇ ಒಂದು ಹೆಬ್ಬೆಟ್ಟಿನ ಗುರುತು ಇರುತ್ತದೆ. ವಿಂಡೋಸ್ ಕಂಪ್ಯೂಟರು ಅದನ್ನು ಮೊದಲ ದಿನ ಬರೆದಿಟ್ಟುಕೊಂಡು, ಆಮೇಲೆ ಪ್ರತಿ ದಿನ ಹೋಲಿಸುತ್ತದೆ. ಉದ್ದನೆಯ ಅಕ್ಷರಮಾಲೆ ಮನುಷ್ಯರ ಕಣ್ಣಿಗೆ ಕಷ್ಟವೆಂದು ಅದೇ ಗುರುತನ್ನು ಚುಕ್ಕಿ, ಸೊನ್ನೆ, ನಕ್ಷತ್ರಗಳ ಒಂದು ಪುಟ್ಟ ಚಿತ್ರವಾಗಿಯೂ ತೋರಿಸಬಹುದು. ಯಂತ್ರ ಶುರುವಾದಾಗಲೆಲ್ಲ ಅದರ ಪರದೆಯ ಮೇಲೆ ಆ ಚಿತ್ರ ಬರುವಂತೆ ಗೌತಮಿ ಮಾಡಿದ್ದಳು.

"ಯಾರು ನೋಡ್ತಾರೆ ಅದನ್ನ?" ಎಂದು ಚಲಪತಿ ಕೇಳಿದ್ದರು.

"ಬೇಕಾದಾಗ ಯಾರಾದ್ರೂ ನೋಡಬೇಕಾಗುತ್ತೆ ಸಾರ್."

ಸಂಜೆ ಮನೆಯಲ್ಲಿ ಮುನಿನಾರಾಯಣಪ್ಪ ಕೇಳುವುದುಂಟು. "ಈಗ ಹೆಂಗವೆ ಮೊಟ್ಟೆ? ಒಡೆಯೋ ಮುಂಚೆ ನೀಲಿಗೆ ತಿರುಗ್ತವಲ್ಲ, ತಿರುಗಿದ್ವಾ?"

"ಇಪ್ಪತ್ತೈದು ಪಾಯಿಂಟ್ ಒಂದು, ಎಂಬತ್ತೆರಡು" ಎನ್ನುತ್ತಾಳೆ ಗೌತಮಿ.

"ಅದಲ್ಲಮ್ಮ, ನೋಡಕ್ಕೆ ಹೆಂಗವೆ?"

"ಚೆನ್ನಾಗವೆ ಅಪ್ಪ."

ತಂಗಿ ಅಮೃತ ಗೌರಿಬಿದನೂರಿನಲ್ಲಿ ನರ್ಸು. ಅವಳಿಗೆ ಮಾತ್ರ ಎಲ್ಲವೂ ಗೊತ್ತು. ಭಾನುವಾರ ಫೋನು ಮಾಡಿದಾಗ ಬಿಡುವುದಿಲ್ಲ.

"ಒಳಗೆ ಬಿಡದಿರೋ ಮನೆಗೆ ದಿನಾ ದೀಪ ಹಚ್ಚೋಳು ನೀನೊಬ್ಬಳೇ ಕಣೇ."

"ದೀಪ ಆರಿಸೋದೇ ಹೆಚ್ಚು."

"ನಗಬೇಡ. ಬಿಟ್ಟು ಬಾ ಅಂದ್ರೆ ಬರಲ್ಲ, ಒಳಗೆ ಬಿಡಿ ಅಂತ ಕೇಳೂ ಅಂದ್ರೆ ಕೇಳಲ್ಲ. ಏನು ಅಂದ್ಕೊಂಡಿದೀಯ?"

ಕೇಳಬಹುದಿತ್ತು. ಆದರೆ ಕೇಳಿದರೆ ಅವರಿಗೆ ಇನ್ನೊಂದು ಕಾರಣ ಹುಡುಕಲು ಎರಡು ನಿಮಿಷ ಸಾಕು, ಆಮೇಲೆ ಆ ಕಾರಣವನ್ನು ಒಪ್ಪಿಕೊಂಡವಳೂ ತಾನೇ ಆಗುತ್ತೇನೆ ಎಂಬುದು ಅವಳ ಲೆಕ್ಕ. ಬಿಡಬಹುದಿತ್ತು. ಆದರೆ ಅಪ್ಪನ ಮೊಣಕಾಲು, ಅಮ್ಮನ ಉಸಿರಾಟ, ಬಸ್ಸಿನಲ್ಲಿ ಹದಿನೈದು ನಿಮಿಷದ ದಾರಿಯಲ್ಲಿ ಅವಳು ಕಲಿತದ್ದಕ್ಕೆ ಬೆಲೆಯಿರುವ ಕೆಲಸ ಇದೊಂದೇ. ಹೀಗೆ ಒಂಬತ್ತು ವರ್ಷ ಒಳಗೂ ಹೋಗದೆ, ಹೊರಗೂ ಹೋಗದೆ ಆ ಹತ್ತಡಿ ಎಂಟಡಿಯಲ್ಲಿ ಕೂತಳು. ಆಫೀಸಿಗೆ ಒಂದೇ ಕಿಟಕಿ. ಅದರಿಂದ ಕಾಣುವುದು ಮೊಟ್ಟೆ ಮನೆಯ ಬಾಗಿಲು, ಬೇಸನ್ನು, ಸಾಲಾಗಿ ಜೋಡಿಸಿದ ನೀಲಿ ರಬ್ಬರು ಚಪ್ಪಲಿ. ಚಪ್ಪಲಿ ಏಳು ಜೊತೆ. ಅವಳ ಅಳತೆಯದು ಎಡದಿಂದ ಮೂರನೆಯದು.

ಈ ವರ್ಷದ ಏಪ್ರಿಲ್ ತಿಂಗಳ ಒಂದು ಬುಧವಾರ. ಕತ್ತಲು ಶುರುವಾಗಿ ಒಂದು ದಿನ ಕಳೆದಿತ್ತು, ಮರುದಿನ ಬೆಳಿಗ್ಗೆ ಆರಕ್ಕೆ ಬೆಳಕು ಕೊಡಬೇಕಿತ್ತು. ಮಧ್ಯಾಹ್ನ ಎರಡೂ ಹತ್ತಕ್ಕೆ ಕರೆಂಟು ಹೋಯಿತು. ಎರಡೂ ನಲವತ್ತಕ್ಕೆ ಒಮ್ಮೆಲೇ ಜೋರಾಗಿ ಬಂದು, ಆಫೀಸಿನ ಫ್ಯಾನು ನರಳಿ ಸರಿಹೋಯಿತು. ಮೂರು ದಾಟಿದ ಮೇಲೆ ಗೌತಮಿ ಕಂಪ್ಯೂಟರು ಮತ್ತೆ ಶುರುಮಾಡುವ ಹೊತ್ತಿಗೆ ಕೆಂಪರಾಜುವಿನ ಬೈಕು ಗೇಟು ದಾಟಿ ಹೊರಗೆ ಹೋಗುತ್ತಿತ್ತು. ಬಾವಿಯ ಪಂಪು ನೋಡಲು ಬಂದಿದ್ದವನು ಅವನು.

ಮೂರೂ ಇಪ್ಪತ್ತಕ್ಕೆ ಅವಳು ಎಂದಿನಂತೆ ಕಪ್ಪು ಕಿಟಕಿ ತೆರೆದು ಸಂಪರ್ಕದ ಸಾಲು ಬರೆದಳು. ಉತ್ತರವಾಗಿ ಬಂದದ್ದು ದೊಡ್ಡ ಎಚ್ಚರಿಕೆ. ಸರ್ವರಿನ ಗುರುತು ಬದಲಾಗಿದೆ. ನಡುವೆ ಯಾರಾದರೂ ಕುಳಿತು ಅದರ ವೇಷ ಹಾಕಿರಬಹುದು. ಸಂಪರ್ಕ ನಿಲ್ಲಿಸಲಾಗಿದೆ.

ಒಂಬತ್ತು ವರ್ಷದಲ್ಲಿ ಈ ಮಾತು ಅವಳು ನೋಡಿದ್ದು ಮೊದಲ ಸಲ. ತಲೆಯೆತ್ತಿ ಕಿಟಕಿಯಾಚೆ ನೋಡಿದಳು. ಮೊಟ್ಟೆ ಮನೆಯ ಬಾಗಿಲ ಕೆಳಗೆ ಬಿಳಿ ಗೆರೆ ಎಳೆದಂತೆ ಬೆಳಕಿತ್ತು.

ತೋಟದಿಂದ ಸೊಪ್ಪಿನ ಬುಟ್ಟಿ ಹೊತ್ತು ಬರುತ್ತಿದ್ದ ಮಂಗಮ್ಮ ಅದನ್ನು ಅದೇ ಕ್ಷಣ ಕಂಡರು. ಬುಟ್ಟಿ ಇಳಿಸಿದರು.

"ಏಮ್ಮಾ ಗೌತಮಿ, ಲೈಟು ಯಾಕೆ ಹಾಕ್ದೆ?"

"ನಾನು ಹಾಕಿಲ್ಲಮ್ಮ. ಕೆಂಪರಾಜಣ್ಣ ಒಳಗೆ ಹೋಗಿದ್ರಾ?"

"ಹೋಗಿದ್ದ. ಕರೆಂಟು ಬಂದಾಗ ಆ ಸಣ್ಣ ಡಬ್ಬಿ ಸತ್ತೋಗಿತ್ತಂತೆ. ಒಳಗೆ ಟಿನ್ನಿನಾಗೆ ಇನ್ನೊಂದು ಬಿಲ್ಲೆ ಇತ್ತಲ್ಲ, ಅದನ್ನ ಹಾಕ್ದೆ, ಪಟ್ ಅಂತ ಬೆಳಕು ಬಂತು, ಸರಿಹೋಯ್ತು ಅಂದ." ಅವರು ಬಾಗಿಲನ್ನೇ ನೋಡುತ್ತಿದ್ದರು. "ಸರಿಹೋಯ್ತಂತೆ, ಮುಂಡೇದು. ಬೆಳಕು ಬಂದ್ರೆ ಸರಿ ಅಂದ್ಕೊಂಡವ್ನೆ."

ಬಿಲ್ಲೆ ಎಂದರೆ ಯಂತ್ರದ ಮೆಮೊರಿ ಕಾರ್ಡು. ಬದಲಿ ಕಾರ್ಡನ್ನು ಗೌತಮಿಯೇ ಸಿದ್ಧಮಾಡಿ ಕೊಟ್ಟಿದ್ದಳು. ಹೊಸದಾಗಿ ಶುರುವಾದ ಯಂತ್ರ ತನಗೆ ತಾನೇ ಹೊಸ ಗುರುತು ಮಾಡಿಕೊಳ್ಳುತ್ತದೆ, ಲೈಟನ್ನು ಹಾಕಿಕೊಂಡೇ ಏಳುತ್ತದೆ. ಎಲ್ಲವೂ ಹೊಂದುತ್ತದೆ. ಇದು ಅದೇ ಆಗಿರಬಹುದು. ಆದರೆ ಆಗಿರಬಹುದು ಎಂಬುದಕ್ಕೂ ಹೌದು ಎಂಬುದಕ್ಕೂ ನಡುವೆ ಅಂತರವಿದೆ. ಮಧ್ಯಾಹ್ನದಿಂದ ಗೇಟಿನ ಬಳಿ ಹಿಂದಿನ ಬ್ಯಾಚಿನ ಹುಳ ಒಯ್ಯಲು ಬಂದ ನಾಲ್ಕು ಗಾಡಿ ನಿಂತಿವೆ, ವೈಫೈ ಎಲ್ಲರದು. ಹಳೆಯ ಗುರುತಿನ ಸಾಲನ್ನು ಅಳಿಸಿ, ಹೌದು ಎಂದು ಒಪ್ಪಿಕೊಂಡು ಪಾಸ್‌ವರ್ಡು ಬರೆದರೆ, ಆಚೆ ಕೂತಿರುವುದು ಬೇರೆ ಯಾರಾದರೂ ಆಗಿದ್ದಲ್ಲಿ ಕೋಣೆಯ ಯಜಮಾನಿಕೆ ಅವರ ಕೈಗೆ.

ಕೆಂಪರಾಜುವಿಗೆ ಫೋನು ಮಾಡಿದಳು. ಚಿಂತಾಮಣಿ ದಾರಿಯಲ್ಲಿದ್ದ, ಎತ್ತಲಿಲ್ಲ. ಚಲಪತಿ ಮದುವೆಯಲ್ಲಿದ್ದರು, ಅವರದು ಸ್ವಿಚ್ ಆಫ್.

"ಮೇನ್ ಆಫ್ ಮಾಡ್ಲಾ?" ಎಂದರು ಮಂಗಮ್ಮ.

"ಕೂಲರೂ ನಿಲ್ಲುತ್ತೆ ಅಮ್ಮ. ಅರ್ಧ ಗಂಟೆ ಕರೆಂಟು ಇಲ್ಲದಿದ್ದಕ್ಕೇ ಇಪ್ಪತ್ತೆಂಟಕ್ಕೆ ಹೋಗಿರುತ್ತೆ. ಈ ಬಿಸಿಲಲ್ಲಿ ಇನ್ನೊಂದ್ಸಲ ಬೇಡ."

"ಹಂಗಾದ್ರೆ ನಿನ್ ಕಂಪ್ಯೂಟರಲ್ಲಿ ಒತ್ತಮ್ಮಾ. ದಿನಾ ಒತ್ತಲ್ವಾ?"

"ಒಳಗಿರೋ ಯಂತ್ರದ ಪರದೆ ಮೇಲೆ ಒಂದು ಗುರುತು ಇರುತ್ತೆ. ಅದೂ ನನ್ ಹತ್ರ ಬಂದಿರೋದೂ ಒಂದೇನಾ ಅಂತ ನೋಡಬೇಕು. ನೋಡದೆ ಒತ್ತಲ್ಲ."

ನೋಡುವುದು ಎಂದರೆ ಒಬ್ಬರು ಒಳಗೆ ಹೋಗಬೇಕು. ಮಂಗಮ್ಮನಿಗೆ ಓದು ಬರದು. ಗೌತಮಿ ತನ್ನ ಫೋನನ್ನು ಮುಂದೆ ಚಾಚಿದಳು.

"ವೀಡಿಯೊ ಹಾಕಿ ಕೊಡ್ತೀನಿ. ಪರದೆ ಮುಂದೆ ಹಿಡಿದು ತನ್ನಿ, ಸಾಕು."

ಮಂಗಮ್ಮ ಫೋನಿನ ಕಡೆ ನೋಡಿದರು, ಕೈ ಚಾಚಲಿಲ್ಲ. "ಒಳಗೆ ಫೋನು ತರಬಾರ್ದು ಅಂತ ಚಲಪತಿ ಬೋರ್ಡ್ ಹಾಕವ್ನೆ" ಎಂದರು. ಫೋನಿನ ಬೆಳಕು ಒಳಗೆ ಬೀಳಬಾರದೆಂದು ಹಾಕಿದ ಬೋರ್ಡು ಅದು. ಒಳಗೆ ಎಂಟು ಟ್ಯೂಬ್‌ಲೈಟು ಉರಿಯುತ್ತಿದ್ದವು.

ಗೌತಮಿ ಫೋನನ್ನು ಜೇಬಿಗೆ ಹಾಕಿಕೊಂಡಳು. ಮಂಗಮ್ಮ ಕಾಲದ್ದಿ ಒಳಗೆ ಹೋದರು. ಬಾಗಿಲು ತೆರೆದು ಮುಚ್ಚುವಷ್ಟರಲ್ಲಿ ಬೆಳಕಿನ ಒಂದು ತುಂಡು ಅಂಗಳಕ್ಕೆ ಬಿದ್ದು ಹೋಯಿತು. ಎರಡು ನಿಮಿಷವಾಯಿತು. ಹೊರಬಂದಾಗ ಅವರ ಮುಖದಲ್ಲಿ ಚಿಂತೆಗಿಂತ ಕುತೂಹಲ ಹೆಚ್ಚಿತ್ತು.

"ಅಕ್ಷರ ಗಿಕ್ಷರ ನಂಗೆ ತಿಳಿಯಲ್ಲ. ಒಂದು ರಂಗೋಲಿ ಐತೆ ಅದ್ರಲ್ಲಿ. ಹದಿನೇಳು ಚುಕ್ಕಿ, ಒಂಬತ್ತು ಸಾಲು."

ಆ ಚಿತ್ರದ ಅಳತೆ ಹದಿನೇಳು ಅಂಕಣ, ಒಂಬತ್ತು ಸಾಲು. ಗೌತಮಿ ಅದನ್ನು ಯಾರಿಗೂ ಹೇಳಿರಲಿಲ್ಲ.

"ನೆನಪೈತಾ ಅಮ್ಮ?"

"ನನ್ನೇ ಕೇಳ್ತೀಯಾ? ಇಪ್ಪತ್ತೊಂದು ಚುಕ್ಕಿದು ಒಂದ್ಸಲ ನೋಡಿ ಹಾಕ್ತೀನಿ ನಾನು."

ಸುಳ್ಳಲ್ಲ. ಅಂಗಳದಲ್ಲಿ ದಿನಾ ಬೆಳಿಗ್ಗೆ ಅವರು ಹಾಕುವ ರಂಗೋಲಿಯನ್ನು ಗೌತಮಿ ಕಿಟಕಿಯಿಂದ ನೋಡಿದವಳೇ. ಒಮ್ಮೆ ಹಾಕಿದ್ದು ಮತ್ತೆ ತಿಂಗಳವರೆಗೆ ಬರುತ್ತಿರಲಿಲ್ಲ. ಮಂಗಮ್ಮ ಡಬ್ಬಿಯಿಂದ ರಂಗೋಲಿ ಪುಡಿ ತಂದು, ಸೊಂಟ ಹಿಡಿದುಕೊಂಡು ಕೂತು, ನೆಲದ ಮೇಲೆ ಚುಕ್ಕಿ ಇಡುತ್ತ ಹೋದರು. ಖಾಲಿ ಬಿಡಬೇಕಾದಲ್ಲಿ ಬಿಟ್ಟರು, ಸಣ್ಣ ಚುಕ್ಕಿ, ಸೊನ್ನೆ, ಕೂಡುವ ಗುರುತು, ಅಡ್ಡ ಎರಡು ಗೆರೆ. ಬೆರಳು ಎಲ್ಲೂ ನಿಲ್ಲಲಿಲ್ಲ. ಗೌತಮಿ ಆಫೀಸಿಗೆ ಓಡಿ, ತನ್ನ ಪರದೆಗೆ ಬಂದಿದ್ದ ಹೊಸ ಗುರುತಿನ ಚಿತ್ರವನ್ನು ಚೌಕಳಿ ಕಾಗದದ ಮೇಲೆ ಮನೆ ಮನೆಗೆ ಇಳಿಸಿಕೊಂಡು ಹೊರಬಂದಳು. ಮೂರೂ ಮೂವತ್ತೈದು.

ಎಡತುದಿಯಿಂದ ಹೋಲಿಸಿದಳು. ಮೊದಲ ಅಂಕಣ ಸರಿ. ಎರಡನೆಯದು ಸರಿ. ನಡುವಿನ ಅಂಕಣದವರೆಗೂ ಒಂದೂ ತಪ್ಪಿಲ್ಲ. ಹತ್ತನೆಯದರಿಂದ ಎಲ್ಲವೂ ಬೇರೆ. ಮತ್ತೆ ನೋಡಿದಳು. ನೆಲದ ಮೇಲಿದ್ದ ಬಲಭಾಗ ಎಡಭಾಗವನ್ನು ಕನ್ನಡಿಯಲ್ಲಿ ಹಿಡಿದಂತಿತ್ತು.

"ಅಮ್ಮಾ, ಬಲಗಡೆ ಒಳಗೂ ಹಿಂಗೇ ಇತ್ತಾ?"

"ಎಲ್ಲೀದು. ಯಾರೋ ಹಾಕಕ್ಕೆ ಬರದೇ ಇರೋರು ಹಾಕಿರೋದು ಅದು. ಎಡಗಡೆ ನೆಟ್ಟಗೈತೆ, ಬಲಗಡೆ ಪೂರಾ ಕೆಡಿಸವ್ರೆ. ನಾನೇ ಸರಿ ಮಾಡ್ದೆ."

ಗೌತಮಿಗೆ ನಗು ಬರಬೇಕಿತ್ತು.

"ಇಲ್ಲಿ ಸರಿ ಮಾಡಬಾರದಿತ್ತು ಅಮ್ಮ. ಕೆಟ್ಟಿದ್ದರೆ ಕೆಟ್ಟ ಹಾಗೇ ಬೇಕಿತ್ತು."

"ಕೆಟ್ಟ ರಂಗೋಲಿ ಹೊಸ್ತಿಲ ಮುಂದೆ ಯಾರಾದ್ರೂ ಹಾಕ್ತಾರಾ?" ಮಂಗಮ್ಮ ನೆಲಕ್ಕೆ ಕೈಯೂರಿ ಎದ್ದು ನಿಂತರು. ಸೊಂಟ ಹಿಡಿದುಕೊಂಡಿತ್ತು. ಬಾಗಿಲ ಕೆಳಗಿನ ಗೆರೆ ನೋಡಿದರು. ಬೆಳಕು ಬಿದ್ದು ಅರ್ಧ ಗಂಟೆ ದಾಟಿತ್ತು. "ಎಷ್ಟು ಸಲ ಒಳಗೆ ಹೊರಗೆ ಮಾಡ್ಲಿ ನಾನು? ಸಾಲದಿದ್ರೆ ನೀನೇ ಹೋಗಿ ನೋಡ್ಕೊಂಡ್ ಬಾ ಹೋಗು."

ಹೇಳಿಬಿಟ್ಟರು. ಹೇಳಿದ ಮೇಲೆ ಅವರಿಗೂ ಅದು ಕೇಳಿಸಿತು. ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪಕ್ಕಕ್ಕೆ ಸರಿದು ನಿಂತರು.

ಬೇಸನ್ನಿಗೂ ಗೌತಮಿಯ ಕಾಲಿಗೂ ನಡುವೆ ಒಂದು ಮಾರು ದೂರ. ನೀಲಿ ಚಪ್ಪಲಿ, ಎಡದಿಂದ ಮೂರನೆಯದು.

ಸಾಲದಿದ್ದರೆ. ಅವಳು ಕೈಯಲ್ಲಿದ್ದ ಕಾಗದ ನೋಡಿದಳು. ಒಂಬತ್ತು ಅಂಕಣ, ಒಂಬತ್ತು ಸಾಲು, ಎಂಬತ್ತೊಂದು ಮನೆ, ಒಂದೂ ತಪ್ಪಿಲ್ಲ. ಬೇರೆ ಯಾವುದೋ ಯಂತ್ರದ ಗುರುತು ಆಕಸ್ಮಿಕವಾಗಿ ಇಷ್ಟು ಮನೆಗಳಲ್ಲಿ ಹೊಂದುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಬಲಭಾಗ ಕೆಟ್ಟದ್ದು ಏಕೆಂಬುದೂ ಗೊತ್ತಾಗಿದೆ. ಲೆಕ್ಕದ ಪ್ರಕಾರ ಎಡಭಾಗ ಸಾಕು. ಸಾಲದು ಎಂದು ಹೇಳಿದರೆ ಪ್ರಶ್ನಿಸುವವರು ಇಡೀ ಅಂಗಳದಲ್ಲಿ ಯಾರೂ ಇಲ್ಲ. ಕಾಲದ್ದಿ, ಚಪ್ಪಲಿ ಹಾಕಿ, ಬಾಗಿಲು ತೆರೆದು, ನೋಡಿ ಬರಲು ನಾಲ್ಕು ನಿಮಿಷ. ನಾಲ್ಕು ನಿಮಿಷದ ಬೆಳಕು, ಒಮ್ಮೆ ತೆರೆದ ಬಾಗಿಲಿನ ಬಿಸಿಗಾಳಿ. ಮೂವತ್ತೈದು ನಿಮಿಷ ಕಂಡ ಮೊಟ್ಟೆಗೆ ಇನ್ನು ನಾಲ್ಕು ಹೆಚ್ಚೇ?

ಹೆಚ್ಚೇ. ಅಳೆಯಲಾಗದಷ್ಟು ಸಣ್ಣದಾದರೂ ಹೆಚ್ಚೇ.

"ಸಾಕು ಅಮ್ಮ" ಎಂದಳು. "ಎಡಗಡೆ ಹೊಂದಿದೆ. ಅಷ್ಟೇ ಸಾಕು."

ತಿರುಗಿ ನಡೆದಳು. ಈ ಸಲ ಹೆಜ್ಜೆ ಎಣಿಸಲಿಲ್ಲ. ಹಳೆಯ ಗುರುತನ್ನು ಅಳಿಸಿ, ಹೊಸದಕ್ಕೆ ಹೌದು ಎಂದು ಬರೆದು, ಕೀಲಿಯ ವಾಕ್ಯ ಕೊಟ್ಟು ಒಳಗೆ ಸೇರಿ, ಪಾಸ್‌ವರ್ಡು ಬರೆದಳು. ಲೈಟು ಸೊನ್ನೆ. ಶಾಖ ಇಪ್ಪತ್ತೈದು. ತೇವ ಎಂಬತ್ತೆರಡು. ಕಿಟಕಿಯಾಚೆ ಬಾಗಿಲ ಕೆಳಗಿನ ಗೆರೆ ಆರಿತು. ಮೂರೂ ನಲವತ್ತೊಂದು ಎಂದು ಪುಸ್ತಕದಲ್ಲಿ ಬರೆದಳು.

ಇನ್ನು ಬೆಳಿಗ್ಗೆ ಆರರವರೆಗೆ ಆ ಬಾಗಿಲನ್ನು ಯಾರೂ ತೆರೆಯುವಂತಿರಲಿಲ್ಲ. ಮಂಗಮ್ಮ ಸೆರಗಿನಿಂದ ಕೈಯೊರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ಆಫೀಸಿನ ಕಡೆ ನೋಡುತ್ತ ನಿಂತಿದ್ದು, ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೋದರು. ರಂಗೋಲಿಯನ್ನು ಅಳಿಸಲಿಲ್ಲ. ಸಂಜೆ ಕೋಳಿಗಳು ಅದರ ಮೇಲೆ ಓಡಾಡಿದವು.

ಮರುದಿನ ಮೊದಲ ಬೆಳಗಿಗೇ ನೂರಕ್ಕೆ ತೊಂಬತ್ತೆರಡು ಒಡೆದವು. ಎಂದಿನದಕ್ಕಿಂತ ಮೂರು ಕಡಿಮೆ. ಚಲಪತಿ ತಲೆದೂಗಿ, ಕೆಂಪರಾಜುವನ್ನು ಎಲ್ಲರೆದುರು ಬೈದರು. ಅಮೃತ ಫೋನಿನಲ್ಲಿ ಕತೆ ಪೂರ್ತಿ ಕೇಳಿದಳು.

"ಬಾಗಿಲು ಬಿಟ್ಟಿದ್ರಲ್ಲ ಅಕ್ಕ."

"ಸಾಲದಿದ್ರೆ ಅಂದಿದ್ರು. ಸಾಲ್ತಿತ್ತು."

"ನಿನ್ನ ಈ ನಿಯತ್ತೇ ನಿಂಗೆ ಬೇಲಿ ಕಣೇ" ಎಂದು ಅವಳು ಫೋನಿಟ್ಟಳು.

ಇನ್ನೊಂದು ಕೆಲಸ ಉಳಿದಿತ್ತು. ಮುಂದೆ ಕಾರ್ಡು ಸುಟ್ಟರೂ ಗುರುತು ಬದಲಾಗದಂತೆ, ಈಗಿನ ಗುರುತಿನ ಫೈಲುಗಳನ್ನು ಇನ್ನೊಂದು ಹೊಸ ಬದಲಿ ಕಾರ್ಡಿಗೂ ಹಾಕಿಡಬೇಕು. ಕುರ್ಚಿಯಿಂದ ಏಳದೆ ಮುಗಿಯುವ ಕೆಲಸ. ಅದನ್ನು ಮಾಡಿದ ಮೇಲೆ ಯಾರೂ ಯಾವತ್ತೂ ಪರದೆ ನೋಡಲು ಒಳಗೆ ಹೋಗಬೇಕಾಗುವುದಿಲ್ಲ. ಗೌತಮಿ ಅದನ್ನು ಎಂಟು ದಿನ ಮುಂದೂಡಿದಳು. ಒಂಬತ್ತು ವರ್ಷದಲ್ಲಿ ಅವಳು ಮುಂದೂಡಿದ ಕೆಲಸ ಅದೊಂದೇ. ಒಂಬತ್ತನೆಯ ದಿನ ಮಾಡಿದಳು.

ಮಾಡಿ, ನಿಯಮದ ಪುಸ್ತಕದಲ್ಲಿ ಒಂದು ಸಾಲು ಸೇರಿಸಿದಳು: ಪರೀಕ್ಷಿಸದ ಬದಲಿ ಕಾರ್ಡು ಇದ್ದೂ ಇಲ್ಲದಂತೆ, ಪ್ರತಿ ಬ್ಯಾಚಿಗೆ ಮುನ್ನ ಅದನ್ನು ಯಂತ್ರಕ್ಕೆ ಹಾಕಿ, ಪರದೆ ನೋಡಿ, ಸಹಿ ಮಾಡಬೇಕು. ಇದೂ ಸರಿಯಾದ ನಿಯಮವೇ. ಪಕ್ಕದಲ್ಲಿ ಸಹಿಗೆ ಅಂಕಣ ಗೀಚಿ ಚಲಪತಿಯವರಿಗೆ ತೋರಿಸಿದಳು.

ಅವರು ಓದಿದರು. "ಕಾರ್ಡು ಹಾಕಿ ತೆಗೆಯೋದು ತಾನೆ ಗೌತಮಿಯವ್ರೆ? ನಾನೇ ಮಾಡ್ತೀನಿ ಬಿಡಿ, ನಿಮಗ್ಯಾಕೆ ತೊಂದರೆ."

"ಸರಿ ಸಾರ್."

ಕಾರ್ಡು ಆಫೀಸಿನ ಮೇಜಿನ ಮೇಲೆ, ಪುಸ್ತಕದ ಪಕ್ಕ ಇತ್ತು. ಮೇ ತಿಂಗಳ ಬ್ಯಾಚಿಗೆ ಚಲಪತಿ ಮರೆತರು. ಜೂನಿಗೂ ಮರೆತರು. ಗೌತಮಿ ನೆನಪಿಸಿದಳು, ಹ್ಞಾಂ ಎಂದು ಮತ್ತೆ ಮರೆತರು. ಆಗದ ಪರೀಕ್ಷೆಗೆ ಸಹಿ ಹಾಕುವಂತಿಲ್ಲ. ಎರಡೂ ಅಂಕಣಗಳಲ್ಲಿ ಅಡ್ಡಗೆರೆ ಎಳೆದಳು.

ಜುಲೈ ಬ್ಯಾಚಿನ ಮೊಟ್ಟೆ ಬರಬೇಕಿದ್ದ ಗುರುವಾರ ಬೆಳಿಗ್ಗೆ ಅವಳು ಆಫೀಸು ತೆರೆಯುವಾಗ ಮಂಗಮ್ಮ ಬೇಸನ್ನಿನ ಹಳೆಯ ನೀರು ಚೆಲ್ಲಿ ಹೊಸದು ತುಂಬುತ್ತಿದ್ದರು. ಪುಡಿ ಹಾಕಿ ಕೋಲಿನಿಂದ ಕಲಸಿದರು.

"ಆ ಅಡ್ಡಾದಿಡ್ಡಿ ರಂಗೋಲಿ ಈಗ್ಲೂ ಅದೇನಾ?" ಎಂದು ಅಲ್ಲಿಂದಲೇ ಕೇಳಿದರು.

"ಅದೇ ಇರಬೇಕು ಅಮ್ಮ. ಬದಲಿ ಕಾರ್ಡಲ್ಲೂ ಅದೇ ಬರುತ್ತಾ ಅಂತ ಯಾರೂ ನೋಡಿಲ್ಲ."

"ಚಲಪತಿ ಬೆಳಗ್ಗೇನೇ ಚಿಂತಾಮಣಿಗೆ ಹೋದ. ಬರೋದು ಮಧ್ಯಾಹ್ನ ಆಗುತ್ತಂತೆ." ಕೋಲನ್ನು ಗೋಡೆಗೆ ಒರಗಿಸಿದರು. ಸೊಂಟದ ಮೇಲೆ ಕೈಯಿಟ್ಟು ಒಮ್ಮೆ ಹಿಂದಕ್ಕೆ ಬಾಗಿದರು. "ನಂಗೆ ಬಗ್ಗಕ್ಕಾಗಲ್ಲ. ಸೊಪ್ಪು ಕೊಯ್ಯೋರು ಬಂದವ್ರೆ, ತೋಟಕ್ಕೆ ಹೋಗ್ತೀನಿ."

ಬುಟ್ಟಿ ಎತ್ತಿಕೊಂಡು ಹೋದರು. ಮೊಟ್ಟೆ ಮನೆಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ.

ಗೌತಮಿ ಮೇಜಿನ ಮೇಲಿದ್ದ ಕಾರ್ಡು ನೋಡಿದಳು. ಪುಸ್ತಕ ತೆರೆದು ಜುಲೈ ಎಂಬ ಸಾಲಿಗೆ ತಾರೀಖು ಬರೆದಳು, ಪೆನ್ನನ್ನು ಸಹಿಯ ಅಂಕಣದ ಮೇಲೆ ಅಡ್ಡ ಇಟ್ಟಳು. ಕಾರ್ಡು ತೆಗೆದುಕೊಂಡು ಹೊಸ್ತಿಲು ದಾಟಿ ಎಣಿಸತೊಡಗಿದಳು. ಇಪ್ಪತ್ತೊಂದಕ್ಕೆ ಬೇಸನ್ನು ಬಂತು. ಚಪ್ಪಲಿ ಬಿಚ್ಚಿ ಬದಿಗಿಟ್ಟು, ಬಲಗಾಲನ್ನು ನೀರಿಗೆ ಇಳಿಸಿದಳು. ನೀರು ತಣ್ಣಗಿತ್ತು.